ಮತಾನುಜ್ಞೆ

ಕಡಹಿನಬೈಲು ಸೇರಿರುವ ವಿಧಾನಸಭಾ ಕ್ಷೇತ್ರಕ್ಕೆ ಶೃಂಗೇರಿಯ ಹೆಸರುಂಟು. ಆ ಶೃಂಗೇರಿಯಲ್ಲಿ ವರ್ಷಂಪ್ರತಿ ಭಾದ್ರಪದ ಶುದ್ಧ ಚತುರ್ಥಿಗೆ ವಿದ್ವಾಂಸರ ವಾಕ್ಯಾರ್ಥಸಭೆಯು ಮೊದಲಾಗುವುದು. ಅಲ್ಲಿಯ ವಾದನಿಯಮವು ಚುನಾವಣೆಯ ವೇದಿಕೆಗೂ ಬೇಕಾದುದೇ.

ಗೌತಮನು ನ್ಯಾಯಸೂತ್ರಗಳಲ್ಲಿ ತತ್ತ್ವನಿರ್ಣಯದ ವಾದವನ್ನು, ಗೆಲುವಿಗಾಗಿಯೇ ನಡೆಯುವ ಜಲ್ಪದಿಂದಲೂ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಿಸುವ ವಿತಂಡೆಯಿಂದಲೂ ಬೇರ್ಪಡಿಸಿದನು. ಹೇತ್ವಾಭಾಸಗಳನ್ನು 5, ಛಲಗಳನ್ನು 3, ನಿಗ್ರಹಸ್ಥಾನಗಳನ್ನು 22 ಎಂದೆಣಿಸಿದನು. ‘ನೀನು ಕಳ್ಳ’ ಎಂದವನಿಗೆ ‘ನೀನೂ ಕಳ್ಳ’ ಎಂದುತ್ತರಿಸುವುದು ಮತಾನುಜ್ಞೆಯೆಂಬ ನಿಗ್ರಹಸ್ಥಾನ. ಹಾಗೆಂದವನು ತನ್ನ ದೋಷವನ್ನು ಪರಿಹರಿಸಲಿಲ್ಲ, ಒಪ್ಪಿಕೊಂಡನು; ಆದುದರಿಂದ ಸೋತನು.

ಮಾಧವೀಯ ಶಂಕರವಿಜಯದಲ್ಲಿ ಶಂಕರರೂ ಮಂಡನಮಿಶ್ರರೂ ಮೊದಲು ಆಡಿಕೊಂಡುದು ಕಟಕಿಯ ಮಾತುಗಳನ್ನೇ. ಅದರಿಂದ ಏನೂ ತೀರ್ಮಾನವಾಗಲಿಲ್ಲ. ಸೋತವರು ಗೆದ್ದವರ ಆಶ್ರಮವನ್ನು ಸ್ವೀಕರಿಸತಕ್ಕುದೆಂದು ಪಣವಾಯಿತು; ಉಭಯಭಾರತಿಯು ಮಧ್ಯಸ್ಥಳಾದಳು. ಮಂಡನರ ಪತ್ನಿಯಾಗಿದ್ದೂ ಆಕೆ ಪತಿಯ ಸೋಲನ್ನೇ ಸೂಚಿಸಿದಳು. ಆ ಮಂಡನರೇ ಸುರೇಶ್ವರಾಚಾರ್ಯರಾದರೆಂದು ಶೃಂಗೇರಿಯ ಸಂಪ್ರದಾಯ.

ಇಂದು ಆಡಳಿತದ ತಪ್ಪನ್ನು ಕೇಳಿದರೆ ‘ನಿಮ್ಮ ಕಾಲದಲ್ಲಿ ನಡೆಯಲಿಲ್ಲವೇ?’ ಎಂಬುದೇ ಉತ್ತರವಾಗುತ್ತಿದೆ. ಗೌತಮನ ಲೆಕ್ಕದಲ್ಲಿ ಅದು ತಪ್ಪೊಪ್ಪಿಗೆ. ಪ್ರಜಾಪ್ರಭುತ್ವದಲ್ಲಿ ಮಧ್ಯಸ್ಥನು ಮತದಾರನು. ತನ್ನವರ ಮತಾನುಜ್ಞೆಗೆ ಅವನು ಚಪ್ಪಾಳೆ ತಟ್ಟಿದರೆ, ಕೇಳಿದ ಪ್ರಶ್ನೆಯು ಉತ್ತರವಿಲ್ಲದೆ ಉಳಿಯುವುದು; ಸೋಲುವವನೂ ಅವನೇ.