ಮಕ್ಕಳ ಕೋಣೆಯ ಕುರ್ಚಿ

ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಲು ಹೊಸದಿಲ್ಲಿ ನಿಲ್ದಾಣಕ್ಕೆ ಹೋಗಿ ಬರುವ ನೋಯ್ಡಾ ಕನ್ನಡಿಗರು ಹಳೇ ದಿಲ್ಲಿ ನಿಲ್ದಾಣದತ್ತ ಮುಖ ಹಾಕುವುದು ಕಡಿಮೆ. ಹಾಕಿದರೂ, ಎದುರಿಗಿರುವ ಹಳೆಯ ಕಟ್ಟಡವನ್ನು ಕಣ್ಣೆತ್ತಿ ನೋಡುವ ವ್ಯವಧಾನ ಯಾರಿಗಿದೆ? ಕೂಲಿಯವನೊಡನೆ ಚೌಕಾಸಿ ಮುಗಿಯುವುದರೊಳಗೆ ಗಾಡಿಗೆ ಹೊತ್ತಾಗಿರುತ್ತದೆ. ಆದರೆ ನಮ್ಮ ಮಕ್ಕಳಿಂದ ನಾಲ್ಕು ಕನ್ನಡ ಪುಸ್ತಕ ಓದಿಸುವುದು ಹೇಗೆಂದು ಪ್ರತಿ ಸಭೆಯಲ್ಲೂ ತಲೆ ಕೆಡಿಸಿಕೊಳ್ಳುವ ನಾವು ಆ ಕಟ್ಟಡದ ಕಥೆಯನ್ನು ತಿಳಿದಿರಬೇಕು. ಅದು ದಿಲ್ಲಿ ಸಾರ್ವಜನಿಕ ಗ್ರಂಥಾಲಯ.

ಯುದ್ಧಕಾಲದಲ್ಲಿ ಅದು ಸಿಪಾಯಿಗಳ ವೇವೆಲ್ ಕ್ಯಾಂಟೀನಾಗಿತ್ತು. ಭಾರತ ಸರ್ಕಾರವೂ ಯುನೆಸ್ಕೊ ಸಂಸ್ಥೆಯೂ ಕೂಡಿ ಅಲ್ಲಿ ಗ್ರಂಥಾಲಯವೊಂದನ್ನು ಸ್ಥಾಪಿಸಿದವು. 1951ರ ಅಕ್ಟೋಬರ್ 27ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಏಷ್ಯಾದ ಬಡ ದೇಶಗಳಲ್ಲಿ ಉಚಿತ ಗ್ರಂಥಾಲಯ ನಡೆದೀತೇ ಎಂದು ಪರೀಕ್ಷಿಸಿ ನೋಡುವ ಪ್ರಯೋಗ ಅದು. ಮುಂದೆ ಇಂಥವೇ ಪ್ರಯೋಗಗಳು ಕೊಲಂಬಿಯಾದ ಮೆಡೆಲಿನ್‌ನಲ್ಲೂ ನೈಜೀರಿಯಾದ ಎನುಗುವಿನಲ್ಲೂ ನಡೆದವು. ಮೊದಲಿನದು ಮಾತ್ರ ನಮ್ಮ ದಿಲ್ಲಿಯದು.

ಇಂದು ಇದರಲ್ಲೇನು ವಿಶೇಷ ಎನ್ನಿಸಬಹುದು. ಆ ದಿನಗಳ ರಿವಾಜನ್ನು ನೆನೆಯಬೇಕು. ನಮ್ಮ ವಾಚನಾಲಯಗಳಲ್ಲಿ ಪುಸ್ತಕವೆಂದರೆ ಕಪಾಟಿನೊಳಗಿನ ಸರ್ಕಾರಿ ಸೊತ್ತು. ಒಂದು ಪುಸ್ತಕ ಕಳೆದರೆ ಗ್ರಂಥಪಾಲಕನ ಸಂಬಳದಿಂದ ಮುರಿದುಕೊಳ್ಳುವ ಭಯ. ಆದ್ದರಿಂದ ಒಳ್ಳೆಯ ಗ್ರಂಥಪಾಲಕನೆಂದರೆ ಒಳ್ಳೆಯ ಬೀಗ ಹಾಕುವವನು! ಹಾಗಿರುವಾಗ ದಿಲ್ಲಿಯಲ್ಲಿ ಠೇವಣಿಯಿಲ್ಲದೆ, ಚಂದಾ ಇಲ್ಲದೆ, ತೆರೆದ ಕಪಾಟಿನಿಂದ ಓದುಗನೇ ಪುಸ್ತಕ ಆರಿಸಿಕೊಳ್ಳುವ ಪದ್ಧತಿ ಬಂತು. ಮಕ್ಕಳಿಗೂ ಪ್ರತ್ಯೇಕ ವಿಭಾಗವಾಯಿತು. ಅಲ್ಲಿ ಕಥೆ ಹೇಳುವ ವೇಳೆಯೂ ಇತ್ತು. ಯುನೆಸ್ಕೊ ಪರವಾಗಿ ಸಲಹೆಗಾರರಾಗಿದ್ದವರು ಇಂಗ್ಲೆಂಡಿನ ಲೂಟನ್ ಪಟ್ಟಣದ ಗ್ರಂಥಪಾಲಕ ಫ್ರಾಂಕ್ ಗಾರ್ಡ್ನರ್. ಅವರು ಬರೆದ ಮೌಲ್ಯಮಾಪನ ವರದಿ 1957ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 1955ರ ಅಕ್ಟೋಬರಿನಲ್ಲಿ, ಏಷ್ಯಾದ ಹಲವು ದೇಶಗಳ ಗ್ರಂಥಪಾಲಕರು ದಿಲ್ಲಿಯಲ್ಲಿ ನಡೆದ ವಿಚಾರ ಸಂಕಿರಣಕ್ಕೆ ಬಂದು ಸೇರಿದರು. ಅಲ್ಲಿ ಚರ್ಚೆಗೆ ಆರಿಸಿಕೊಂಡ ವಿಷಯಗಳು ಮೂರು: ಗ್ರಂಥಾಲಯಗಳ ಸಂಘಟನೆ, ಪುಸ್ತಕಗಳ ಪೂರೈಕೆ, ಮಕ್ಕಳ ಗ್ರಂಥಾಲಯ ಸೇವೆ. ಮೂರರಲ್ಲೊಂದು ಪಾಲು ಮಕ್ಕಳದು. ಈ ಪಾಲು ಮತ್ತೆಂದೂ ಅವರಿಗೆ ಅಷ್ಟು ಸಲೀಸಾಗಿ ಸಿಕ್ಕಿದಂತೆ ಕಾಣೆ.

ಮಕ್ಕಳ ಕೋಣೆಗೆ ಪುಸ್ತಕ ಇಟ್ಟರೆ ಸಾಲದು, ಅಲ್ಲಿ ಕೂರುವವರಿಗೂ ಬೇರೆಯದೇ ಶಿಕ್ಷಣ ಬೇಕೆಂಬ ಅರಿವು ದಿಲ್ಲಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಗ್ರಂಥಾಲಯದಲ್ಲಿ 1901ರಷ್ಟು ಹಿಂದೆಯೇ ಮಕ್ಕಳ ಗ್ರಂಥಪಾಲಕರ ತರಬೇತಿ ಶಾಲೆ ತೆರೆದಿತ್ತು. ಉಕ್ಕಿನ ಕಾರ್ಖಾನೆಗಳ ಊರು ಅದು. ಓದು ಬರಹದಲ್ಲಿ ಪಳಗಿದವರಿಗೂ ಕಥೆ ಹೇಳುವ ಬಗೆ, ವಯಸ್ಸಿಗೆ ತಕ್ಕ ಪುಸ್ತಕ ಆರಿಸುವ ಬಗೆ ಕಲಿಸಬೇಕಾಗುತ್ತದೆ ಎಂದು ಅವರು ಕಂಡುಕೊಂಡರು.

ನಮ್ಮ ದೇಶದಲ್ಲಿ ತರಬೇತಿಯ ಗೋಜಿಗೆ ಮೊದಲು ಹೋದವರು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು. ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡುಬಂದಿದ್ದ ಅವರು 1910ರಲ್ಲಿ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲಕರನ್ನು ಅಲ್ಲಿಂದಲೇ ಕರೆಸಿದರು. ಮರುವರ್ಷವೇ ಬಾರ್ಡನ್ ತರಬೇತಿ ವರ್ಗ ತೆರೆದರು. ಒಬ್ಬ ರಾಜ ಮನಸ್ಸು ಮಾಡಿದ, ಬೊಕ್ಕಸ ತೆರೆಯಿತು. ಅನುದಾನಕ್ಕೆ ಅರ್ಜಿ, ಅರ್ಜಿಗೆ ಲಗತ್ತು, ಲಗತ್ತಿಗೆ ಮೊಹರು ಎಂಬ ತಾಪತ್ರಯವಿರಲಿಲ್ಲ.

ಇನ್ನು ನಮ್ಮ ರಂಗನಾಥನ್ ಅವರ ವಿಷಯ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1924ರಲ್ಲಿ ಲಂಡನ್ನಿಗೆ ಕಲಿಯಲು ಹೋದ ಎಸ್. ಆರ್. ರಂಗನಾಥನ್ ಅವರಿಗೆ ಅಲ್ಲಿ ಗುರುವಾಗಿ ದೊರೆತವರು ಬರ್ವಿಕ್ ಸೇಯರ್ಸ್. ವರ್ಗೀಕರಣ ಶಾಸ್ತ್ರದಲ್ಲಿ ಘನ ವಿದ್ವಾಂಸರು. ಇದೇ ಸೇಯರ್ಸ್ 1932ರಲ್ಲಿ ಮಕ್ಕಳ ಗ್ರಂಥಾಲಯಗಳನ್ನು ಕುರಿತು ಒಂದು ಕೈಪಿಡಿಯನ್ನೇ ಬರೆದರು. ಗುರುವಿನ ಎರಡು ವಿದ್ಯೆಗಳಲ್ಲಿ ವರ್ಗೀಕರಣ ಭಾರತದಲ್ಲಿ ಹೆಮ್ಮರವಾಯಿತು. ಎರಡನೆಯದು ಕುಂಡದ ಗಿಡವಾಗಿಯೇ ಉಳಿಯಿತು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ವಿಜ್ಞಾನಿಗೆ, ಇಂಜಿನಿಯರಿಗೆ ಬೇಕಾದ ಲೇಖನವನ್ನು ಹುಡುಕಿಕೊಡಬಲ್ಲ ಜಾಣರು ಅಲ್ಲಿಂದ ತಯಾರಾದರು. ಹತ್ತು ವರ್ಷದ ಹುಡುಗಿಗೆ ಯಾವ ಪುಸ್ತಕ ಕೊಡಬೇಕೆಂದು ಬಲ್ಲವರನ್ನು ತಯಾರಿಸುವ ಅಂಥದೊಂದು ಕೇಂದ್ರ ಏಳಲಿಲ್ಲ. ಇದು ರಂಗನಾಥನ್ ಅವರ ಮೇಲಿನ ದೂರಲ್ಲ. ಅಂದಿನ ದೇಶಕ್ಕೆ ಕಾರ್ಖಾನೆಗಳ ಆತುರವಿತ್ತು.

ಹಣದ ಮಾತಿಗೆ ಬಂದರೆ, ನಮ್ಮ ರಾಜ್ಯ ತಲೆಯೆತ್ತಿ ಹೇಳಿಕೊಳ್ಳಬಹುದಾದ ಚರಿತ್ರೆಯೊಂದಿದೆ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1966ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮನೆಗಂದಾಯದಂಥ ಸ್ಥಳೀಯ ತೆರಿಗೆಗಳ ಮೇಲೆ ರೂಪಾಯಿಗೆ ಮೂರು ಪೈಸೆ ಗ್ರಂಥಾಲಯ ಕರ. ಈ ದರ ಮುಂದೆ ಏರಿತು. ಇದಕ್ಕಿಂತ ಹೆಚ್ಚಿನದು, ಗ್ರಂಥಾಲಯ ಸಿಬ್ಬಂದಿಯ ಸಂಬಳವನ್ನು ಸರ್ಕಾರವೇ ತನ್ನ ಬೊಕ್ಕಸದಿಂದ ಭರಿಸುವ ಏರ್ಪಾಡು. ಕರದ ಹಣವೆಲ್ಲ ಸಂಬಳಕ್ಕೇ ಕರಗಿಹೋಗಿ ಪುಸ್ತಕಕ್ಕೆ ಕಾಸಿಲ್ಲದಂತಾಗುವ ಪರಿಸ್ಥಿತಿಯನ್ನು ಈ ಏರ್ಪಾಡು ತಪ್ಪಿಸಿತು. ನಗರಪಾಲಿಕೆಗಳು ವಸೂಲು ಮಾಡಿದ ಕರವನ್ನು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ನಿಜ. ಆದರೂ ಬಾಕಿ ಕೇಳುವುದಕ್ಕಾದರೂ ಒಂದು ಕಾನೂನಿದೆಯಲ್ಲ!

ನೋಯ್ಡಾದವರಾದ ನಮಗೆ ಅದೂ ಇಲ್ಲ. ಉತ್ತರ ಪ್ರದೇಶ ತನ್ನ ಗ್ರಂಥಾಲಯ ಕಾಯಿದೆಯನ್ನು ಮಾಡಿಕೊಂಡದ್ದು 2006ರಲ್ಲಿ, ಅದೂ ಕರದ ಕಲಮಿಲ್ಲದೆ. ಸಾಲದ್ದಕ್ಕೆ 1976ರಲ್ಲಿ ಕೈಗಾರಿಕಾ ಪ್ರದೇಶವಾಗಿ ಹುಟ್ಟಿದ ಈ ಊರಿಗೆ ಚುನಾಯಿತ ನಗರಸಭೆಯಿಲ್ಲ, ಪ್ರಾಧಿಕಾರವೇ ಎಲ್ಲ. ಆಚೆ ದಿಲ್ಲಿಗೆ ಗ್ರಂಥಾಲಯ ಕಾಯಿದೆ ಇಲ್ಲದಿದ್ದರೂ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಆ ಹಳೆಯ ಗ್ರಂಥಾಲಯವೂ ಅದರ ಶಾಖೆಗಳೂ ಇವೆ.

ನಮ್ಮಂಥವರ ಪಾಲಿಗೆ ಇರುವ ಒಂದು ದಾರಿ ಕಲ್ಕತ್ತೆಯದು. ರಾಜಾ ರಾಮಮೋಹನ ರಾಯರು ಹುಟ್ಟಿ ಇನ್ನೂರು ವರ್ಷವಾದಾಗ, 1972ರ ಮೇ 22ರಂದು, ಅವರ ಹೆಸರಿನಲ್ಲಿ ಕೇಂದ್ರ ಸರ್ಕಾರ ಅಲ್ಲಿ ಗ್ರಂಥಾಲಯ ಪ್ರತಿಷ್ಠಾನವನ್ನು ಸ್ಥಾಪಿಸಿತು. ಇದರ ನೆರವಿನಲ್ಲಿ ಎರಡು ಬಗೆ. ರಾಜ್ಯ ಸರ್ಕಾರ ತನ್ನ ಪಾಲು ಹಾಕಿದರೆ ಪ್ರತಿಷ್ಠಾನವೂ ಹಾಕುವುದು ಒಂದು. ರಾಜ್ಯದ ಪಾಲಿಗೆ ಕಾಯದೆ ಪ್ರತಿಷ್ಠಾನವೇ ಕೊಡುವುದು ಇನ್ನೊಂದು. ಸ್ವಯಂಸೇವಾ ಸಂಸ್ಥೆಗಳ ಗ್ರಂಥಾಲಯಗಳಿಗೂ ಮಕ್ಕಳ ವಿಭಾಗಗಳಿಗೂ ಈ ಎರಡನೆಯದರಲ್ಲಿ ಅವಕಾಶವಿದೆ. ಪುಸ್ತಕ, ಕಪಾಟು, ಕಟ್ಟಡ, ವಿಚಾರ ಸಂಕಿರಣ, ಕಾರ್ಯಶಿಬಿರ ಇವೆಲ್ಲಕ್ಕೂ ನೆರವಿದೆ. ಆದರೆ ಮೂರು ದಿನದ ಶಿಬಿರ ಬೇರೆ, ದಿನಾ ಸಂಜೆ ಮಕ್ಕಳ ನಡುವೆ ಕೂರುವ ಒಬ್ಬರ ಜೀವನೋಪಾಯ ಬೇರೆ.

ಹಣವಿಲ್ಲದೆಯೂ ಕೆಲಸ ನಡೆದ ಉದಾಹರಣೆ ದಿಲ್ಲಿಯಲ್ಲೇ ಇದೆ. ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದ ವ್ಯಂಗ್ಯಚಿತ್ರಕಾರ ಶಂಕರ್ ಅವರ ಪ್ರೇರಣೆಯಿಂದ ಮಕ್ಕಳ ಲೇಖಕರ ಮತ್ತು ಚಿತ್ರಕಾರರ ಸಂಘವೊಂದು 1981ರಲ್ಲಿ ಹುಟ್ಟಿತು. ಅದು ಕೈಗೊಂಡದ್ದು ಮನೆ ಗ್ರಂಥಾಲಯಗಳ ಯೋಜನೆ. ಒಂದು ಕಂತೆ ಪುಸ್ತಕ, ಸ್ವಸಂತೋಷದಿಂದ ಬಾಗಿಲು ತೆರೆಯುವ ಒಂದು ಮನೆ, ಸುತ್ತಲಿನ ಮಕ್ಕಳು, ಇಷ್ಟೇ ಬಂಡವಾಳ. 1991ರಲ್ಲಿ ಈ ಯೋಜನೆಗೆ ಓದಿನ ಪ್ರಸಾರಕ್ಕಾಗಿ ಕೊಡುವ ಅಂತರರಾಷ್ಟ್ರೀಯ ಅಸಾಹಿ ಪ್ರಶಸ್ತಿ ಬಂತು. ನಮ್ಮ ಸಂಘಗಳ ಅಳತೆಗೆ ಸರಿಹೊಂದುವ ಮಾದರಿ ಇದೇ ಎಂದು ನನ್ನ ಎಣಿಕೆ.

ಊರಿನ ಕಡೆಯಿಂದಲೂ ಈಚೆಗೆ ಒಂದು ಒಳ್ಳೆಯ ಸುದ್ದಿ ಇದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಎಣಿಕೆಯಲ್ಲಿ 5,600ಕ್ಕೂ ಮಿಕ್ಕವು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳಿಗೆಲ್ಲ ಬೀಗ ಬಿದ್ದಿತ್ತು. ಅದೇ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಉಚಿತ ಮಾಡಿದರು. ಅಲ್ಪ ಗೌರವಧನದಲ್ಲಿ ಪತ್ರಿಕೆ ಹರವಿ, ದಾಖಲೆ ಬರೆದು, ಬಾಗಿಲು ಹಾಕಿಕೊಂಡು ಹೋಗುತ್ತಿದ್ದ ಮೇಲ್ವಿಚಾರಕರಿಗೆ ಮಕ್ಕಳನ್ನು ಸೇರಿಸಿ ಗಟ್ಟಿಯಾಗಿ ಓದಿಸುವುದು, ಕಥೆ ಹೇಳುವುದು ಮುಂತಾದವುಗಳ ತರಬೇತಿ ಸಿಕ್ಕಿತು. ಪಿಟ್ಸ್‌ಬರ್ಗಿನವರು 1901ರಲ್ಲಿ ಕಂಡುಕೊಂಡದ್ದು ನಮ್ಮ ಹಳ್ಳಿಯ ಮೇಲ್ವಿಚಾರಕನ ಬಳಿಗೆ ಬರಲು ನೂರಿಪ್ಪತ್ತು ವರ್ಷ ಹಿಡಿಯಿತು. ಬಂತಲ್ಲ, ಅದೇ ದೊಡ್ಡದು.

ಕೊನೆಗೆ ನಮ್ಮ ಬಡಾವಣೆಯ ಮಾತು. ಇಲ್ಲಿನ ನಾಲ್ಕಾರು ಕನ್ನಡ ಕುಟುಂಬಗಳು ಸೇರಿ ಊರಿನಿಂದ ಬರುವಾಗಲೆಲ್ಲ ಒಂದೊಂದು ಚೀಲ ಮಕ್ಕಳ ಪುಸ್ತಕ ತಂದು ಒಂದು ಕಪಾಟು ತುಂಬಿಸಿದೆವು. ಬೀಗದ ಕೈಯನ್ನು ನನ್ನ ಕೈಯಲ್ಲೇ ಇಟ್ಟಿದ್ದರು. ಪುಸ್ತಕ ಹರಿದೀತೆಂಬ ಕಾಳಜಿಯಿಂದ ಎರಡು ಮಳೆಗಾಲ ಅದನ್ನು ಭದ್ರವಾಗಿ ಕಾಯ್ದೆ. ತೆರೆದು ನೋಡಿದಾಗ ಕೆಳಗಿನ ಸಾಲನ್ನು ಗೆದ್ದಲು ಓದಿ ಮುಗಿಸಿತ್ತು.

ಆಮೇಲೆ ಮಗನ ಮನೆಗೆ ಬಂದಿದ್ದ ಹಾಸನದ ಕಡೆಯ ಹಿರಿಯ ಮಹಿಳೆಯೊಬ್ಬರು ಬೀಗದ ಕೈ ಕೇಳಿ ಪಡೆದರು. ಭಾನುವಾರ ಸಂಜೆ ಚಾಪೆ ಹಾಸಿ ಕೂರುತ್ತಿದ್ದರು. ಅರ್ಧ ಕಥೆ ಹೇಳಿ, ಉಳಿದರ್ಧ ಈ ಪುಸ್ತಕದಲ್ಲಿದೆ ಎಂದು ಕೈಗಿಡುತ್ತಿದ್ದರು. ಕನ್ನಡ ಅಕ್ಷರ ಬಾರದ ಹುಡುಗರು ಉಳಿದರ್ಧಕ್ಕಾಗಿ ಮನೆಯಲ್ಲಿ ಅಮ್ಮನನ್ನು ಕಾಡುತ್ತಿದ್ದರು. ಹೀಗೆ ಒಂದೂವರೆ ವರ್ಷ ನಡೆಯಿತು. ನಮ್ಮ ಮನೆಯಲ್ಲೇ ಒಬ್ಬ ಹುಡುಗ ಅಕ್ಷರ ಕಲಿತದ್ದು ಹಾಗೆ. ಮಗನಿಗೆ ಬೆಂಗಳೂರಿಗೆ ವರ್ಗವಾಗಿ ಆ ತಾಯಿ ಹೊರಟುಹೋದರು. ಮುಂದಿನ ಭಾನುವಾರ ಮಕ್ಕಳೇನೋ ಬಂದರು. ಬೀಗದ ಕೈ ಮೊಳೆಗೆ ತೂಗುತ್ತಿತ್ತು, ಚಾಪೆಯೂ ಇತ್ತು. ಸ್ವಲ್ಪ ಹೊತ್ತು ಕಾದು ಆಟಕ್ಕೆ ಹೋದರು.

ಈ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಗ್ರಂಥಾಲಯದ ಬಾಬತ್ತೂ ಇದೆ. ಇನ್ನೊಂದು ಕಪಾಟು, ಈ ಸಲ ಉಕ್ಕಿನದು, ಕೊಳ್ಳಬೇಕೆಂದು ಮಿತ್ರರೊಬ್ಬರು ಸೂಚನೆ ಕಳಿಸಿದ್ದಾರೆ.