ಎಲ್ಲಮ್ಮನ ಮುತ್ತು ಮತ್ತು ಕ್ರೈಸ್ತ ಮಿಶನರಿಗಳ ದಾಸ್ಯವಿಮೋಚನೆ

ದಾಸ್ಯವೆಂದೊಡನೆ ಮನುಷ್ಯರನ್ನು ಹರಾಜಿಗಿಟ್ಟ ಸಂತೆಯು ಕಣ್ಣಿಗೆ ಕಟ್ಟುವುದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ನಡೆಯುತ್ತಿದ್ದುದು ಆ ಬಗೆಯದಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬಂದ ಜನರು ಜೋಗುಳಬಾವಿಯಲ್ಲಿ ಮಿಂದು ಭಾರತ ಹುಣ್ಣಿಮೆಯಲ್ಲಿ ಹರಕೆ ತೀರಿಸುವರು. ಮನೆಯ ಹೆಣ್ಣುಕೂಸಿನ ಕೊರಳಿಗೆ ಕೆಂಪು-ಬಿಳಿಯ ಮುತ್ತು ಕಟ್ಟಿಸುವುದೂ ಆ ಹರಕೆಗಳಲ್ಲಿ ಒಂದಾಗಿದ್ದಿತು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಅವಳು ತವರಿನಲ್ಲಿಯೇ ಉಳಿದು ತಾಯಿತಂದೆಗಳನ್ನು ಸಾಕಬೇಕು. ಮೈನೆರೆದ ಮೇಲೆ ಊರ ಉಳ್ಳವನೊಬ್ಬನ ವಶವಾಗಬೇಕು. ಹಲವರ ಹಾದಿಯು ಕಡೆಗೆ ಸಾಂಗಲಿ, ಪುಣೆ, ಮುಂಬಯಿಗಳ ಸೂಳೆಗೇರಿಗಳನ್ನು ಮುಟ್ಟುತ್ತಿದ್ದಿತು.

ಶಾಸನೋಕ್ತರಾದ ಸೂಳೆಯರನ್ನೂ ಪಾತ್ರದವರನ್ನೂ ಇವರೊಡನೆ ಒಂದುಗೂಡಿಸುವುದು ವಿದ್ವಾಂಸರಲ್ಲಿಯೂ ಕಂಡುಬರುವ ಪ್ರಮಾದವು. ಅವರಿಗೆ ದೇಗುಲದಲ್ಲಿ ನಿಯತವಾದ ಸೇವೆಯೂ ಜೀವಿತಕ್ಕೆ ದತ್ತಿಯೂ ಇದ್ದವು. ಭೂಮಿಯಿಲ್ಲದ, ಅಸ್ಪೃಶ್ಯರೆನಿಸಿದ ಮನೆತನಗಳಲ್ಲಿಯೇ ಬಹುತರವಾಗಿ ಹುಟ್ಟಿದ ಜೋಗತಿಗೆ ಪಡಲಗಿ ಹೊತ್ತು ಜೋಗ ಬೇಡುವ ಹಕ್ಕೊಂದೇ ಪಾಲಿಗೆ ಬಂದುದು.

ಲಂಡನ್ ಮಿಶನ್ನಿನ ಜೋಸೆಫ್ ಟೇಲರರು ಬಳ್ಳಾರಿಯಿಂದ ಬೆಳಗಾವಿಗೆ ಬಂದುದು 1820 ರಲ್ಲಿ, ಅಂದರೆ ಕಿತ್ತೂರಿನ ಯುದ್ಧಕ್ಕೆ ನಾಲ್ಕು ವರುಷ ಮೊದಲು. 1904 ರಲ್ಲಿ ಅಮೇರಿಕದ ಮೆಥೊಡಿಸ್ಟರ ಕೈಸೇರುವ ತನಕ ಬೆಳಗಾವಿಯ ಕಾರ್ಯವು ಆ ಸಂಘದ್ದಾಗಿತ್ತು. ಅದೇ ಸಂಘದ ಮಿಶನರಿಗಳು ತಿರುವಾಂಕೂರಿನಲ್ಲಿ 1847 ರಲ್ಲಿ ಚರ್ಚ್ ಮಿಶನ್ನಿನವರೊಡಗೂಡಿ, ದಾಸರನ್ನು ಬಿಡುಗಡೆ ಮಾಡಬೇಕೆಂದು ಮಹಾರಾಜರಿಗೆ ಬಿನ್ನವಿಸಿಕೊಂಡರು. 1855 ರ ಘೋಷಣೆಯಿಂದ ಅಲ್ಲಿಯ ದಾಸ್ಯವು ರದ್ದಾಯಿತು. ಸವದತ್ತಿಯ ಸೀಮೆಯಲ್ಲಿ ಆ ಉಪಾಯವು ಸಾಗುವಂತಿರಲಿಲ್ಲ. ತಿರುವಾಂಕೂರಿನಲ್ಲಿ ಒಡೆಯನು ಬೇರೆ, ದಾಸನು ಬೇರೆ. ಇಲ್ಲಿ ಮಗಳನ್ನು ಗುಡ್ಡಕ್ಕೆ ಕರೆದೊಯ್ಯುವವಳು ಹೆತ್ತ ತಾಯಿಯೇ. ಎಷ್ಟೋ ಸಲ ಆ ತಾಯಿಯ ಕೊರಳಲ್ಲಿಯೂ ಮುತ್ತು ಇರುವುದು. ಯಾವ ಒಡೆಯನ ಮೇಲೆ ಬಿನ್ನಹ ಮಾಡಬೇಕು?

ಕಾಯಿದೆಯ ಗತಿಯೂ ಇದೇ ಆಯಿತು. 1862 ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ 372 ನೆಯ ಕಲಮು ವ್ಯಭಿಚಾರಕ್ಕಾಗಿ ಬಾಲೆಯರನ್ನು ಮಾರುವುದನ್ನೂ ಒಪ್ಪಿಸುವುದನ್ನೂ ದಂಡಿಸುತ್ತಿದ್ದಿತು. ಆದರೆ ಅಪರಾಧಿಯೂ ಪೋಷಕನೂ ಒಬ್ಬನೇ ಆದಲ್ಲಿ ಫಿರ್ಯಾದಿಯು ಎಲ್ಲಿಂದ ಬರಬೇಕು? 1934 ರ ಮುಂಬಯಿ ದೇವದಾಸಿ ಸಂರಕ್ಷಣ ಕಾಯಿದೆಯು ಅರ್ಪಣೆಯನ್ನೇ ನಿಷೇಧಿಸಿ, ದೇವದಾಸಿಯ ವಿವಾಹವು ಸಿಂಧುವೆಂದು ಸಾರಿತು. ಸವದತ್ತಿಯು ಆಗ ಬ್ರಿಟಿಶರ ಪರಸಗಡ ತಾಲೂಕಿನಲ್ಲಿತ್ತು. ನೆರೆಯ ರಾಮದುರ್ಗವಾದರೋ ಭಾವೆಯವರ ಸಂಸ್ಥಾನ. 1948 ರಲ್ಲಿ ವಿಲೀನವಾಗುವವರೆಗೆ ಮುಂಬಯಿಯ ಕಾಯಿದೆಯು ಅಲ್ಲಿ ತಾನಾಗಿ ನಡೆಯತಕ್ಕದ್ದಾಗಿರಲಿಲ್ಲ. ದೇವಿಯ ಒಕ್ಕಲಿಗೆ ಮಾತ್ರ ಆ ಗಡಿಯ ಗೊಡವೆಯಿರಲಿಲ್ಲ.

ಕ್ರೈಸ್ತರ ಇನ್ನೊಂದು ಉಪಾಯವು ಆಶ್ರಯಗೃಹ. ಇದರಲ್ಲಿ ಅಗ್ರಗಣ್ಯರಾದ ಪಂಡಿತಾ ರಮಾಬಾಯಿಯವರು ಕನ್ನಡನಾಡಿನ ಗಂಗಾಮೂಲದಲ್ಲಿ 1858 ರಲ್ಲಿ ಜನಿಸಿದವರು. 1883 ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1897 ರ ಕ್ಷಾಮದಲ್ಲಿ ಅನಾಥ ಬಾಲೆಯರು ದುರ್ಜನರ ಕೈಗೆ ಬೀಳುವುದನ್ನು ಕಂಡು, ಮಧ್ಯಪ್ರಾಂತದಿಂದ ನೂರಾರು ಮಂದಿಯನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವದ ‘ಮುಕ್ತಿ’ಯಲ್ಲಿ ಸಾಕಿದರು, ವಿದ್ಯೆಯೊಡನೆ ಕೈಗೆಲಸವನ್ನೂ ಕಲಿಸಿದರು. ಬಿಡುಗಡೆಯ ಮರುದಿನ ಹುಡುಗಿಯು ಎಲ್ಲಿ ಉಣ್ಣಬೇಕೆಂಬುದನ್ನು ಬಿನ್ನಹಗಳಿಗಿಂತ ಈ ಮನೆಯು ಚೆನ್ನಾಗಿ ಬಲ್ಲುದಾಗಿತ್ತು. ಆದರೂ ಅನಾಥೆಗೆ ಸಲ್ಲುವ ಉಪಾಯವು ತಾಯಿಯಿದ್ದವಳಿಗೆ ಪೂರಾ ಸಲ್ಲದು. ಒಬ್ಬಳನ್ನು ದೂರದ ಮನೆಗೊಯ್ದು ಕಾಪಾಡಿದರೂ ಊರಲ್ಲಿ ಉಳಿದ ತಾಯಿಯ ಬಡತನವು ಹಾಗೆಯೇ ಇರುವುದು. ಮುಂದಿನ ಹುಣ್ಣಿಮೆಗೆ ತಂಗಿಯ ಸರದಿ.

1982 ರ ಕರ್ನಾಟಕ ಕಾಯಿದೆಯು ಈ ಮರ್ಮವನ್ನರಿತು, ಅರ್ಪಿಸಿದವರು ತಾಯಿತಂದೆಗಳೋ ಬಂಧುಗಳೋ ಆಗಿದ್ದಲ್ಲಿ ಇತರರಿಗಿಂತ ಹೆಚ್ಚಾಗಿ ಐದು ವರುಷಗಳವರೆಗಿನ ಸೆರೆಯನ್ನು ವಿಧಿಸಿತು. ಆದರೂ ಫಿರ್ಯಾದಿಯ ಕೊರತೆಯು ತೀರತೊಡಗಿದುದು ಬೆಳಗಾವಿ ಜಿಲ್ಹೆಯ ಮಾಜಿ ದೇವದಾಸಿಯರು 1997 ರಲ್ಲಿ ಘಟಪ್ರಭೆಯಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡ ಮೇಲೆ. ಉಳಿತಾಯದ ಗುಂಪುಗಳನ್ನು ನಡೆಸಿದ ಆ ಹೆಂಗಸರೇ, ಮುತ್ತು ಕಟ್ಟುವ ಸುಳಿವು ಹತ್ತಿದ ಮನೆಯ ಬಾಗಿಲಿಗೆ ಹೋಗಿ ತಾಯಿಯೊಡನೆ ಮಾತಿಗೆ ಕುಳಿತರು.