ಆಯುಷ್ಮಾನ್ ಕಾರ್ಡ್ ಇದ್ದರೆ ಹೋಮ್ ನರ್ಸ್ ಸಂಬಳ ಸಿಗುತ್ತಾ? ಇಲ್ಲಿದೆ ಮಾಹಿತಿ

ಕೊಪ್ಪ: ಹಿರಿಯರಿಗೆ ಲಕ್ವ ಹೊಡೆದು ಅಥವಾ ಬಿದ್ದು ಸೊಂಟದ ಮೂಳೆ ಮುರಿದು, ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದಲ್ಲಿ ಮೊದಲು ಏಳುವ ಪ್ರಶ್ನೆ: ನೋಡಿಕೊಳ್ಳೋದು ಯಾರು? ಮಕ್ಕಳು ಬೆಂಗಳೂರಲ್ಲಿ. ಊರಲ್ಲಿ ಉಳಿದವರಿಗೆ ತೋಟ, ಅಂಗಡಿ. ‘ಕಾರ್ಡ್ ಇದೆಯಲ್ಲ, ಹೋಮ್ ನರ್ಸ್ ಖರ್ಚೂ ಅದರಲ್ಲೇ ಆಗುತ್ತೆ’ ಅಂತ ನಂಬಿ ಕೂತವರಿಗೆ ಉತ್ತರ ಇಷ್ಟೇ: ಆಗಲ್ಲ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ ರೂ. ಈ ಹಣ ಆಸ್ಪತ್ರೆಗೆ ಹೋಗುತ್ತೆ, ಕೈಗೆ ಬರಲ್ಲ. ಬೆಡ್, ಆಪರೇಷನ್, ಔಷಧಿ, ವಾರ್ಡಿನ ನರ್ಸಿಂಗ್, ರೋಗಿಯ ಊಟ ಎಲ್ಲ ಪ್ಯಾಕೇಜಿನೊಳಗೆ. ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿಯೂ ನಿಯಮದಲ್ಲಿದೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಬರುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ವಿಚಾರಿಸಬೇಕು.

ಮನೆಯಲ್ಲಿ ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ಶೌಚಕ್ಕೆ ಕರೆದೊಯ್ಯುವುದು ಇದರ ಲೆಕ್ಕಕ್ಕೆ ಬರಲ್ಲ. ಮೆಡಿಕಲ್‌ನಲ್ಲಿ ತಿಂಗಳು ತಿಂಗಳು ತರುವ ಡೈಪರ್ ಬಿಲ್ಲೂ ಅಷ್ಟೇ. ಮಲಗಿದಲ್ಲೇ ಬೆನ್ನು ಹುಣ್ಣಾಗಿ ಮತ್ತೆ ಅಡ್ಮಿಟ್ ಆದರೆ ಕಾರ್ಡ್ ಬಳಸಬಹುದು, ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರಿಗೆ ಮಾತ್ರ ಒಂದು ರೂಪಾಯಿ ಇಲ್ಲ. ಯೋಜನೆಯ ದೊಡ್ಡ ಕೊರತೆ ಇದೇ.

ಬೇರೆ ದೇಶಗಳಲ್ಲಿ ಇದಕ್ಕೇ ಪ್ರತ್ಯೇಕ ಸರ್ಕಾರಿ ವಿಮೆ ಇದೆ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ. ಜಪಾನಿನಲ್ಲಿ 40 ವರ್ಷ ಆದವರೆಲ್ಲ ಕಂತು ಕಟ್ಟುತ್ತಾರೆ.

ಇಲ್ಲಿ ಸಿಗುವುದು ಸ್ವಲ್ಪ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಭತ್ಯೆಯನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತ್ತು. ಲಕ್ವ ಆ ಪಟ್ಟಿಯಲ್ಲಿಲ್ಲ. ಆದರೆ ಲಕ್ವದಿಂದ ಕೈಕಾಲು ಸ್ವಾಧೀನ ತಪ್ಪಿ ವೈಕಲ್ಯ ಶೇ. 40 ದಾಟಿದ್ದರೆ ಯುಡಿಐಡಿ ಕಾರ್ಡ್ ಮಾಡಿಸಿ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಬಹುದು. ಅರ್ಜಿ ನಾಡಕಚೇರಿಯಲ್ಲಿ. ಯುಡಿಐಡಿ ಬಗ್ಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಕೇಳಿದರೆ ಹೇಳುತ್ತಾರೆ.

ಡಿಸ್ಚಾರ್ಜ್ ದಿನ ಗಡಿಬಿಡಿ ಮಾಡದೆ, ಮಗ್ಗುಲು ಬದಲಿಸುವುದು, ಪೈಪಿನಲ್ಲಿ ಆಹಾರ ಕೊಡುವುದನ್ನು ವಾರ್ಡಿನ ಸಿಸ್ಟರ್ ಹತ್ತಿರ ಮನೆಯವರೇ ಕಲಿತು ಬಂದರೆ ಒಳ್ಳೇದು. ಅದಕ್ಕೆ ಯಾವ ಕಾರ್ಡೂ ಬೇಡ.